ಸೈಕಲ್‌ನಲ್ಲಿ ಕೆಲಸಕ್ಕೆ: ಮೊದಲು ದಾರಿ, ಆಮೇಲೆ ಸೈಕಲ್

"ಆಫೀಸಿಗೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದೀನಿ, ಯಾವ ಸೈಕಲ್ ತಗೊಳ್ಳಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದೂ ಒಂದೇ: ಯಾವ ರಸ್ತೆಯಲ್ಲಿ ಹೋಗ್ತೀರಿ? ಬಹಳಷ್ಟು ಜನ ತಾವು ಈಗ ಬೈಕಿನಲ್ಲೋ ಬಸ್ಸಿನಲ್ಲೋ ಹೋಗುವ ರಸ್ತೆಯ ಹೆಸರನ್ನೇ ಹೇಳುತ್ತಾರೆ. ಎಡವುವುದು ಅಲ್ಲೇ. 2020ರ ಲಾಕ್‌ಡೌನ್ ಕಾಲದಲ್ಲಿ ಸೈಕಲ್ಲಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಆಗ ಕೊಂಡ ಎಷ್ಟೋ ಸೈಕಲ್‌ಗಳು ಇವತ್ತು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಗಾಳಿ ಇಳಿದು ಧೂಳು ಹಿಡಿದು ನಿಂತಿವೆ. ಆ ಸೈಕಲ್‌ಗಳಲ್ಲಿ ದೋಷವೇನೂ ಇರಲಿಲ್ಲ. ಅವುಗಳ ಒಡೆಯರಿಗೆ ದಾರಿ ಗೊತ್ತಿರಲಿಲ್ಲ, ಆಫೀಸು ತಲುಪಿದ ಮೇಲೆ ಏನು ಮಾಡಬೇಕೆಂಬ ಏರ್ಪಾಡೂ ಇರಲಿಲ್ಲ.

ಹಾಗಾಗಿ ಈ ಲೇಖನದಲ್ಲಿ ಸೈಕಲ್ ಕೊಳ್ಳುವ ಮಾತು ಮೂರನೇ ಹಂತದಲ್ಲಿ ಬರುತ್ತದೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಬೇರೆ ಊರಿನವರು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಮೊದಲಿಗೆ, ದೂರದ ಲೆಕ್ಕ

ಒಂದು ಕಡೆಗೆ 5 ಕಿ.ಮೀ. ಒಳಗಿದ್ದರೆ ಯಾವ ತಯಾರಿಯೂ ಬೇಡ, ನಾಳೆಯೇ ಹೊರಡಬಹುದು. 5ರಿಂದ 10 ಕಿ.ಮೀ. ಅಂದರೆ ಮೊದಲ ಎರಡು ವಾರ ತೊಡೆ ನೋಯುತ್ತದೆ, ಆಮೇಲೆ ಒಗ್ಗುತ್ತದೆ. 10ರಿಂದ 15 ಕಿ.ಮೀ. ಇದ್ದರೆ ವಾರಕ್ಕೆ ಎರಡು ದಿನದಿಂದ ಶುರು ಮಾಡಿ. ಅದಕ್ಕಿಂತ ದೂರವಿದ್ದರೆ ಮೆಟ್ರೊ ಜೊತೆ ಸೇರಿಸುವುದು ಒಳ್ಳೆಯದು, ಅದರ ವಿಚಾರ ಕೊನೆಯಲ್ಲಿದೆ.

"ತುಂಬಾ ಹೊತ್ತು ಹಿಡಿಯುತ್ತಲ್ಲವೇ?" ಎಂಬುದು ಎರಡನೇ ಪ್ರಶ್ನೆ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಕಾರಿನಲ್ಲಿ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಅಂದರೆ ಗಂಟೆಗೆ 18 ಕಿ.ಮೀ.ಗೂ ಕಡಿಮೆ. ಆತುರವಿಲ್ಲದೆ ಪೆಡಲ್ ತುಳಿಯುವವರ ವೇಗ ಗಂಟೆಗೆ 15 ಕಿ.ಮೀ. ಆಸುಪಾಸು. ವ್ಯತ್ಯಾಸ ಬರೀ ಐದಾರು ನಿಮಿಷ. ಬೆಳಿಗ್ಗೆ ಒಂಬತ್ತೂವರೆಗೆ ಸಿಲ್ಕ್ ಬೋರ್ಡ್ ಕಡೆ ಹೋಗುವವರಾದರೆ ಅದೂ ಇಲ್ಲ. ಸೈಕಲ್ಲಿನ ಇನ್ನೊಂದು ಲಾಭ, ಎಷ್ಟು ಹೊತ್ತಿಗೆ ತಲುಪುತ್ತೀರೆಂದು ಹೊರಡುವ ಮುಂಚೆಯೇ ಗೊತ್ತಿರುತ್ತದೆ.

ಹಂತ 1: ಭಾನುವಾರ ದಾರಿ ಹುಡುಕಿ

ಇಡೀ ಲೇಖನದಲ್ಲಿ ಇದೊಂದನ್ನು ಸರಿಯಾಗಿ ಮಾಡಿದರೆ ಮಿಕ್ಕಿದ್ದೆಲ್ಲ ತಾನಾಗಿ ಸುಲಭವಾಗುತ್ತದೆ. ಸ್ನೇಹಿತರದ್ದೋ ಮಕ್ಕಳದ್ದೋ ಸೈಕಲ್ ಕೇಳಿ ಪಡೆದು, ಭಾನುವಾರ ಬೆಳಿಗ್ಗೆ ಆಫೀಸಿನ ತನಕ ಹೋಗಿ ಬನ್ನಿ. ಹೋಗುವ ಮುಂಚೆ ನಕ್ಷೆ ತೆಗೆದು ದೊಡ್ಡ ರಸ್ತೆಗೆ ಸಮಾನಾಂತರವಾಗಿ ಒಂದೆರಡು ಬೀದಿ ಒಳಗೆ ಸಾಗುವ ರಸ್ತೆಗಳನ್ನು ಗುರುತು ಮಾಡಿಕೊಳ್ಳಿ. ಬೆಂಗಳೂರಿನ ಹಳೆಯ ಬಡಾವಣೆಗಳು ಈ ವಿಷಯದಲ್ಲಿ ಪುಣ್ಯವಂತ. ಜಯನಗರ, ರಾಜಾಜಿನಗರ, ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮೇನು, ಕ್ರಾಸು ಎಂದು ಚೌಕಾಕಾರವಾಗಿ ಹಾಕಿರುವುದರಿಂದ ಒಂದು ರಸ್ತೆ ಬಿಟ್ಟರೆ ಇನ್ನೊಂದು ಸಿಗುತ್ತದೆ. ಸಂಪಿಗೆ ರಸ್ತೆಯ ನೂಕುನುಗ್ಗಲಿನಲ್ಲಿ ಹೋಗಬೇಕಾದ ಅಗತ್ಯವೇ ಇಲ್ಲ, ಪಕ್ಕದಲ್ಲಿ ಮರದ ನೆರಳಿನ ಬೀದಿ ಇದೆ. ಇಂದಿರಾನಗರದ ನೂರಡಿ ರಸ್ತೆಗೂ ಇದೇ ಮಾತು. ಹೊಸ ಬಡಾವಣೆಗಳ ಕಷ್ಟ ಬೇರೆ. ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್ ಕಡೆ ಒಳರಸ್ತೆಗಳು ಯಾವುದೋ ಅಪಾರ್ಟ್‌ಮೆಂಟಿನ ಗೇಟಿಗೋ ಕೆರೆಯ ಏರಿಗೋ ಹೋಗಿ ಮುಗಿದುಬಿಡುತ್ತವೆ. ನಕ್ಷೆಯಲ್ಲಿ ದಾರಿ ಕಂಡರೂ ಅಲ್ಲಿ ಬೀಗ ಹಾಕಿದ ಗೇಟು ಇರಬಹುದು. ಅದಕ್ಕೇ ಕಣ್ಣಾರೆ ನೋಡಬೇಕು.

ನಕ್ಷೆಯ ಆ್ಯಪ್‌ನಲ್ಲಿ ಕಾರಿನ ದಾರಿ ನೋಡಬೇಡಿ, ನಡೆಯುವವರ ದಾರಿ ನೋಡಿ. ಸ್ಟ್ರಾವಾ ಎಂಬ ಆ್ಯಪ್‌ನಲ್ಲಿ ಸೈಕಲ್ ಸವಾರರು ಹೆಚ್ಚಾಗಿ ಓಡಾಡುವ ರಸ್ತೆಗಳನ್ನು ಬಣ್ಣದ ಗೆರೆಗಳಲ್ಲಿ ತೋರಿಸುವ ನಕ್ಷೆಯಿದೆ, ಅದನ್ನೂ ನೋಡಬಹುದು. ಆದರೆ ಅದರಲ್ಲಿ ಮುಂಜಾನೆ ವ್ಯಾಯಾಮಕ್ಕೆ ಹೊರಡುವವರೇ ಜಾಸ್ತಿ. ಬೆಳಿಗ್ಗೆ ಐದೂವರೆಗೆ ಖಾಲಿ ಇರುವ ಹೆದ್ದಾರಿ ಒಂಬತ್ತು ಗಂಟೆಗೆ ಹಾಗಿರುವುದಿಲ್ಲ.

ದಾರಿಯಲ್ಲಿ ಗಮನಿಸಬೇಕಾದದ್ದು ಇಷ್ಟು.

ಏರು ಎಲ್ಲೆಲ್ಲಿದೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಮಳೆನೀರು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಕಡೆ ಇಳಿದು ಹೋಗುತ್ತದೆ. ಆದ್ದರಿಂದ ರಾಜಕಾಲುವೆ ದಾಟುವಲ್ಲೆಲ್ಲ ಇಳಿಜಾರು, ದಾಟಿದ ಮೇಲೆ ಏರು. ಈ ಜಾಗಗಳನ್ನು ನೆನಪಿಟ್ಟುಕೊಳ್ಳಿ. ಬೆವರು ಸುರಿಯುವುದು ಅಲ್ಲೇ, ಮಳೆ ಬಂದರೆ ನೀರು ನಿಲ್ಲುವುದೂ ಅಲ್ಲೇ.

ದೊಡ್ಡ ರಸ್ತೆಯನ್ನು ಎಷ್ಟು ಸಲ ದಾಟಬೇಕು, ಅಲ್ಲಿ ಸಿಗ್ನಲ್ ಇದೆಯೇ? ಒಳರಸ್ತೆ ಎಷ್ಟೇ ಚೆನ್ನಾಗಿದ್ದರೂ ಸಿಗ್ನಲ್ಲಿಲ್ಲದ ಕಡೆ ಆರು ಪಥದ ರಸ್ತೆ ದಾಟಬೇಕೆಂದರೆ ಆ ದಾರಿ ಬೇಡ. ಸಿಗ್ನಲ್ ಇರುವ ಜಾಗಕ್ಕೆ ಅರ್ಧ ಕಿ.ಮೀ. ಸುತ್ತಾದರೂ ಪರವಾಗಿಲ್ಲ.

ಫ್ಲೈಓವರ್ ಬರುತ್ತದೆಯೇ? ಹೆಬ್ಬಾಳದಂಥ ಕಡೆ ವೇಗವಾಗಿ ಬರುವ ವಾಹನಗಳು ಎಡದಿಂದಲೂ ಬಲದಿಂದಲೂ ಸೇರಿಕೊಳ್ಳುತ್ತವೆ. ಸೈಕಲ್ ಸವಾರನಿಗೆ ನಿಲ್ಲಲೂ ಜಾಗವಿಲ್ಲ, ಮುಂದೆ ಹೋಗಲೂ ಧೈರ್ಯವಿಲ್ಲ. ಫ್ಲೈಓವರ್ ಕೆಳಗಿನ ದಾರಿ ಹುಡುಕಿ. ಅದೂ ಇಲ್ಲದಿದ್ದರೆ ಅಷ್ಟು ದೂರ ಇಳಿದು ತಳ್ಳಿಕೊಂಡು ಹೋಗಿ. ನಾಚಿಕೆಪಡುವಂಥದ್ದೇನೂ ಇಲ್ಲ.

ಸಂಜೆಯ ದಾರಿ ಬೇರೆಯೇ ಇರಬಹುದು. ಒನ್‌ವೇಗಳಿಂದಾಗಿ ಹೋದ ದಾರಿಯಲ್ಲೇ ವಾಪಸ್ ಬರಲಾಗದು. ಎಡಗಡೆಯಲ್ಲೇ ಅಲ್ಲವೇ ಎಂದು ಎದುರು ದಿಕ್ಕಿನಲ್ಲಿ ನುಗ್ಗುವ ಅಭ್ಯಾಸ ಮಾಡಿಕೊಳ್ಳಬೇಡಿ. ಬೀದಿದೀಪ ಉರಿಯುತ್ತದೆಯೇ, ಕತ್ತಲಾದ ಮೇಲೆ ನಾಯಿಗಳ ಗುಂಪು ಇರುತ್ತದೆಯೇ ಎಂದು ಒಂದು ಸಂಜೆ ಹೋಗಿಯೇ ನೋಡಬೇಕು.

ಸೈಕಲ್ ಪಥ ನಂಬಿ ದಾರಿ ಗೊತ್ತುಮಾಡಬೇಡಿ, ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ. ಜಯನಗರದಲ್ಲಿ ಬಣ್ಣ ಬಳಿದು ಮಾಡಿದ ಪಥಗಳ ಮೇಲೆ ಕಾರುಗಳು ಬಂದು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಗೂಟ ನೆಟ್ಟು ಮಾಡಿದ ಪಥದಲ್ಲಿ ಗೂಟಗಳು ಮುರಿದವು, ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಪಥ ಇದ್ದರೆ ಬಳಸಿ, ಇಲ್ಲ ಎಂದುಕೊಂಡೇ ಯೋಜನೆ ಹಾಕಿ.

ಕೆಂಗೇರಿ, ಬಿಡದಿ ಕಡೆಯವರಿಗೆ ಒಂದು ಮಾತು: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ನಿಮಗಿರುವುದು ಸರ್ವಿಸ್ ರಸ್ತೆ ಮಾತ್ರ.

ಹಂತ 2: ಆಫೀಸಿನಲ್ಲಿ ಮೊದಲೇ ಕೇಳಿ

ಮೂರು ವಿಷಯ ಕೇಳಬೇಕು. ಸೈಕಲ್ ಎಲ್ಲಿ ನಿಲ್ಲಿಸಬಹುದು? ಕೈಕಾಲು ತೊಳೆದು ಬಟ್ಟೆ ಬದಲಾಯಿಸಲು ಜಾಗವಿದೆಯೇ? ಬಟ್ಟೆ, ಟವೆಲ್ ಇಡಲು ಒಂದು ಲಾಕರೋ ಡ್ರಾಯರೋ ಸಿಗುತ್ತದೆಯೇ?

ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಟೆಕ್ ಪಾರ್ಕುಗಳ ಗೇಟಿನಲ್ಲಿ ಕಾರಿಗೆ ಸಲಾಮು ಹೊಡೆಯುವ ಸೆಕ್ಯುರಿಟಿಯವರೇ ಸೈಕಲ್ಲನ್ನು ತಡೆದು ನಿಲ್ಲಿಸುತ್ತಾರೆ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ, ಅವರಿಗೆ ಬಂದಿರುವ ಸೂಚನೆಯಲ್ಲಿ ಸೈಕಲ್ ಎಂಬ ಪದವೇ ಇರುವುದಿಲ್ಲ. ಕಟ್ಟಡದ ಆಡಳಿತ ವಿಭಾಗಕ್ಕೆ ಒಂದು ಇಮೇಲ್ ಬರೆದು ಒಪ್ಪಿಗೆ ಪಡೆಯಿರಿ, ಅದರ ಪ್ರತಿ ಫೋನಿನಲ್ಲಿರಲಿ. ಇನ್ನೂ ಇಬ್ಬರು ಸಹೋದ್ಯೋಗಿಗಳ ಸಹಿ ಸೇರಿದರೆ ಕೆಲಸ ಬೇಗ ಆಗುತ್ತದೆ. ಕ್ಯಾಮೆರಾ ಇರುವ ಜಾಗ, ಬೀಗ ಹಾಕಲು ಗಟ್ಟಿ ಕಂಬಿ, ಮೇಲೊಂದು ಸೂರು, ಇಷ್ಟನ್ನು ಕೇಳುವುದರಲ್ಲಿ ತಪ್ಪಿಲ್ಲ.

ಷವರ್ ಇಲ್ಲ ಎಂದಾಕ್ಷಣ ಕೈಬಿಡಬೇಡಿ. ಆರನೇ ಹಂತ ನೋಡಿ.

ಹಂತ 3: ಈಗ ಸೈಕಲ್

ಅಂಗಡಿಯಲ್ಲಿ ಕಾಣುವವು ಹೆಚ್ಚುಕಡಿಮೆ ನಾಲ್ಕು ಜಾತಿ. ಹಾಲು, ಪೇಪರು ಹಾಕುವವರು ಬಳಸುವ ಕಪ್ಪು ಸೈಕಲ್: ಗಟ್ಟಿ, ಭಾರ, ಗೇರಿಲ್ಲ. ಎಂಟಿಬಿ, ಅಂದರೆ ಗುಡ್ಡ ಹತ್ತಲು ಮಾಡಿದ್ದು: ದಪ್ಪ ಟೈರು, ಮುಂದೆ ಸ್ಪ್ರಿಂಗಿನ ಫೋರ್ಕು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು. ರೋಡ್ ಬೈಕ್: ಸಪೂರ ಟೈರು, ಬಾಗಿದ ಹ್ಯಾಂಡಲ್, ಓಟಕ್ಕೆ ಹೇಳಿ ಮಾಡಿಸಿದ್ದು. ಇವೆರಡರ ನಡುವಿನದು ಹೈಬ್ರಿಡ್: ನೇರ ಹ್ಯಾಂಡಲ್, ಮಧ್ಯಮ ಅಗಲದ ಟೈರು.

ಆಫೀಸಿಗೆ ಹೈಬ್ರಿಡ್ ತಗೊಳ್ಳಿ. ಟೈರಿನ ಮೇಲೆ 700x35 ಎಂದೋ 700x40 ಎಂದೋ ಬರೆದಿರುತ್ತದೆ. ಕೊನೆಯ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ನಮ್ಮ ಗುಂಡಿಗಳಿಗೆ 35ಕ್ಕಿಂತ ಸಪೂರ ಬೇಡ. ಹುಡುಗರ ಕಣ್ಣು ಬೀಳುವುದು ಬೈಕಿನ ಟೈರಿನಷ್ಟು ದಪ್ಪನೆಯ ಫ್ಯಾಟ್ ಟೈರ್ ಸೈಕಲ್ಲಿನ ಮೇಲೆ. ನೋಡಲು ಗತ್ತು, ಆದರೆ ಏರು ಬಂದಾಗ ಕಲ್ಲು ಹೊತ್ತು ನಡೆದ ಹಾಗೆ. ಅಗ್ಗದ ಸ್ಪ್ರಿಂಗ್ ಫೋರ್ಕೂ ಅಷ್ಟೇ, ಭಾರ ಹೆಚ್ಚಿಸುವುದರ ಜೊತೆಗೆ ನೀವು ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ನುಂಗುತ್ತದೆ.

ಗೇರು ಎಷ್ಟಿರಬೇಕು? 21 ಗೇರು ಎಂದು ಅಂಗಡಿಯವರು ಒತ್ತಿ ಹೇಳುತ್ತಾರೆ. ದಿನನಿತ್ಯದ ಓಡಾಟದಲ್ಲಿ ಬಳಸುವುದು ನಾಲ್ಕೈದು ಮಾತ್ರ. ಹಿಂದೆ ಏಳೋ ಎಂಟೋ ಇದ್ದು ಮುಂದೆ ಒಂದೇ ಇದ್ದರೂ ಸಾಕು, ಕೆಡುವುದೂ ಕಡಿಮೆ. ದಾರಿ ಮಟ್ಟಸವಾಗಿದ್ದು ಐದು ಕಿ.ಮೀ. ಒಳಗಿದ್ದರೆ ಗೇರಿಲ್ಲದ್ದೇ ಚೆಂದ.

ಬೆಲೆ ಅಂದಾಜು ಹೇಳುವುದಾದರೆ, ಗೇರಿಲ್ಲದ ಒಳ್ಳೆಯ ಸೈಕಲ್ ಸುಮಾರು 6ರಿಂದ 10 ಸಾವಿರ, ಗೇರಿರುವ ಹೈಬ್ರಿಡ್ 12ರಿಂದ 25 ಸಾವಿರ ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣುತ್ತಿದೆಯೇ ನೋಡಿಕೊಳ್ಳಿ. ಮೊದಲ ಸೈಕಲ್ಲಿಗೇ 50 ಸಾವಿರ ಸುರಿಯುವುದಕ್ಕೆ ನನ್ನ ವಿರೋಧವಿದೆ. ಅಷ್ಟು ಬೆಲೆಯದನ್ನು ಹೋಟೆಲ್ ಮುಂದೆ ನಿಲ್ಲಿಸಿ ನೆಮ್ಮದಿಯಾಗಿ ಒಂದು ಕಾಫಿ ಕುಡಿಯಲಾಗದು.

ಹೊಸದೇ ಬೇಕೆಂದಿಲ್ಲ. ಲಾಕ್‌ಡೌನ್ ಕಾಲದ್ದು ಅರ್ಧ ಬೆಲೆಗೆ ಸಿಗುತ್ತದೆ. ಕೊಳ್ಳುವ ಮುಂಚೆ ಚಕ್ರ ಎತ್ತಿ ತಿರುಗಿಸಿ, ರಿಮ್ಮು ಅತ್ತಿತ್ತ ಓಲಾಡುತ್ತದೆಯೇ ನೋಡಿ. ಟೈರಿನ ಪಕ್ಕದಲ್ಲಿ ಬಿರುಕುಗಳಿದ್ದರೆ ಟೈರು, ಟ್ಯೂಬಿನ ಖರ್ಚು ಸೇರಿಸಿ ಚೌಕಾಸಿ ಮಾಡಿ. ಫ್ರೇಮಿನಲ್ಲಿ ಬೆಸುಗೆಯ ಬಳಿ ಸೀಳು ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಮೂಲ ಬಿಲ್ ಕೇಳಿ, ಕದ್ದ ಮಾಲು ತಲೆಗೆ ಬರಬಾರದು.

ಅಳತೆಗೆ ಸುಲಭದ ಪರೀಕ್ಷೆ: ಫ್ರೇಮಿನ ಮೇಲಿನ ಕೊಳವೆಯ ಆಚೆ ಈಚೆ ಕಾಲಿಟ್ಟು ನೆಲದ ಮೇಲೆ ಪೂರ್ತಿ ಪಾದ ಊರಿ ನಿಂತಾಗ, ಕೊಳವೆಗೂ ನಿಮಗೂ ನಡುವೆ ಎರಡು ಬೆರಳಷ್ಟಾದರೂ ಜಾಗವಿರಬೇಕು. ಕುರ್ತಾ, ಸೀರೆ ಉಡುವವರಿಗೆ ಮೇಲಿನ ಕೊಳವೆ ತಗ್ಗಿರುವ, ಚೈನಿಗೆ ಪೂರ್ತಿ ಕವರ್ ಇರುವ ಮಾದರಿ ಅನುಕೂಲ. ಅಂಗಡಿಯಲ್ಲಿ ಅದನ್ನು ಲೇಡೀಸ್ ಸೈಕಲ್ ಎನ್ನುತ್ತಾರೆ. ಪಂಚೆ ಉಡುವ ಗಂಡಸರಿಗೂ ಅದೇ ಸರಿ!

ಎಲೆಕ್ಟ್ರಿಕ್ ಸೈಕಲ್ ಬಗ್ಗೆ ಕೇಳುವವರೂ ಬಹಳ. ಮೋಟಾರು 250 ವಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೊ ಮೀರದಿದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ಮಂಗಳೂರಿನಂತೆ ಏರಿಳಿತವೂ ಸೆಕೆಯೂ ಇರುವ ಊರಿನಲ್ಲಿ, ಮಂಡಿನೋವಿದ್ದವರಿಗೆ, ದೂರ 12 ಕಿ.ಮೀ. ದಾಟಿದವರಿಗೆ ಇದು ನಿಜಕ್ಕೂ ವರ. ಪೆಡಲ್ ತುಳಿದಾಗ ಮಾತ್ರ ಮೋಟಾರು ನೆರವಾಗುವ ಮಾದರಿಯನ್ನೇ ಆರಿಸಿ. ಬ್ಯಾಟರಿ ಬಿಚ್ಚಿ ಮೇಜಿನ ಬಳಿ ಚಾರ್ಜ್ ಮಾಡುವಂತಿರಲಿ.

ಹಂತ 4: ಸೀಟು ಮತ್ತು ಸಾಮಾನು

ಹೊಸಬರ ಮಂಡಿನೋವಿಗೆ ಮುಕ್ಕಾಲು ಪಾಲು ಕಾರಣ ಸೀಟಿನ ಎತ್ತರ. ಸ್ಕೂಲಿನಲ್ಲಿ ಕಲಿತ ಹಾಗೆ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ತಗ್ಗಿಸಿಕೊಂಡಿರುತ್ತಾರೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಆಗ ಮಂಡಿ ತುಸು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ನಿಂತಾಗ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತದೆ. ಎರಡು ದಿನ ಭಯವಾಗಬಹುದು. ಪೂರ್ತಿ ನಿಲ್ಲುವಾಗ ಸೀಟಿನಿಂದ ಮುಂದೆ ಇಳಿಯುವ ಅಭ್ಯಾಸ ಮಾಡಿಕೊಂಡರೆ ಮುಗಿಯಿತು.

ಸಾಮಾನುಗಳಲ್ಲಿ ಕಡ್ಡಾಯವೆಂದು ನಾನು ಎಣಿಸುವವು:

ಹೆಲ್ಮೆಟ್. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಎಂಬ ಸುರಕ್ಷತಾ ಮಾನದಂಡದ ಗುರುತಿರಲಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಣೆ ಬಿಟ್ಟು ಹಿಂದಕ್ಕೆ ಸರಿಸಿದರೆ ಉಪಯೋಗವಿಲ್ಲ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಎಸೆಯಿರಿ.

ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಇದು ನಿಮಗೆ ದಾರಿ ಕಾಣಲಿ ಎಂದಲ್ಲ, ನೀವು ಬೇರೆಯವರಿಗೆ ಕಾಣಲಿ ಎಂದು. ಸಂಜೆ ಆರೂವರೆಯ ಮಬ್ಬಿನಲ್ಲೇ ಹಚ್ಚಿ.

ಬೀಗ. ಸಪೂರ ಕೇಬಲ್ ಬೀಗವನ್ನು ಒಂದು ಕಟಿಂಗ್ ಪ್ಲೈಯರ್ ಕತ್ತರಿಸುತ್ತದೆ. ಯು ಆಕಾರದ ಉಕ್ಕಿನ ಬೀಗ ಕೊಂಡು, ಫ್ರೇಮು, ಹಿಂದಿನ ಚಕ್ರ, ಕಂಬಿ ಮೂರನ್ನೂ ಸೇರಿಸಿ ಹಾಕಿ. ಮುಂದಿನ ಚಕ್ರಕ್ಕಷ್ಟೇ ಬೀಗ ಹಾಕಿದರೆ ಸಂಜೆ ನಿಮಗೆ ಉಳಿಯುವುದು ಆ ಚಕ್ರ. ಫ್ರೇಮಿನ ಅಡಿಭಾಗದಲ್ಲಿ ಕೊರೆದಿರುವ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ, ಕಳುವಾದರೆ ಠಾಣೆಯಲ್ಲಿ ಕೇಳುವುದು ಅದನ್ನೇ.

ಬೆಲ್ಲು, ಹಿಂದೆ ಮುಂದೆ ಮಡ್‌ಗಾರ್ಡು, ಹಿಂದೆ ಕ್ಯಾರಿಯರ್. ಹೈಬ್ರಿಡ್ ಜೊತೆ ಇವು ಬರದೇ ಇರುವುದೇ ಹೆಚ್ಚು, ಅಂಗಡಿಯಲ್ಲೇ ಹಾಕಿಸಿ. ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿದರೆ ಬೆನ್ನೆಲ್ಲ ಒದ್ದೆ. ಕ್ಯಾರಿಯರ್ ಪಕ್ಕಕ್ಕೆ ನೇತುಹಾಕುವ ಚೀಲ ಸಿಗುತ್ತದೆ, ಪ್ಯಾನಿಯರ್ ಎನ್ನುತ್ತಾರೆ. ಬೆವರಿನ ಸಮಸ್ಯೆ ಅರ್ಧ ಅಲ್ಲಿಗೇ ಬಗೆಹರಿಯುತ್ತದೆ.

ವಿಶೇಷ ಶೂ, ಮೈಗಂಟುವ ಜೆರ್ಸಿ, ವೇಗ–ದೂರ ತೋರಿಸುವ ಸೈಕಲ್ ಕಂಪ್ಯೂಟರು ಇವೆಲ್ಲ ಆಮೇಲೆ ನೋಡಿದರಾಯಿತು. ಬೇಡವೇ ಬೇಡ ಎಂದೂ ಆಗಬಹುದು.

ಹಂತ 5: ರಸ್ತೆಯಲ್ಲಿ

ಹೊಸಬರು ಭಯಕ್ಕೆ ರಸ್ತೆಯ ತೀರಾ ಅಂಚಿಗೆ ಅಂಟಿಕೊಂಡು ಹೋಗುತ್ತಾರೆ. ಸುರಕ್ಷಿತ ಅನ್ನಿಸುತ್ತದೆ, ಅಪಾಯ ಇರುವುದು ಅಲ್ಲೇ. ಚರಂಡಿಯ ಜಾಲರಿ, ಒಡೆದ ಗಾಜು, ಮರಳು, ಕಾಂಕ್ರೀಟಿಗೂ ಡಾಂಬರಿಗೂ ನಡುವಿನ ಸೀಳು ಎಲ್ಲ ಇರುವುದು ಅಂಚಿನಲ್ಲಿ. ಅದೂ ಅಲ್ಲದೆ, ನೀವು ಅಂಚಿಗೆ ಸರಿದಷ್ಟೂ ಹಿಂದಿನವರು ಒರಸಿಕೊಂಡೇ ಮುಂದೆ ಹೋಗಲು ನೋಡುತ್ತಾರೆ. ಅಂಚಿನಿಂದ ಮೂರಡಿ ಈಚೆ, ನೇರ ಗೆರೆಯಲ್ಲಿ ಹೋಗಿ. ರಸ್ತೆ ಕಿರಿದಾಗಿ ನಿಮ್ಮ ಪಕ್ಕದಲ್ಲಿ ಕಾರು ಹಿಡಿಸದು ಅನ್ನಿಸಿದ ಕಡೆ ಪಥದ ನಡುವೆಯೇ ಹೋಗಿ. ಹಿಂದಿನವರು ಹಾರ್ನ್ ಹೊಡೆಯಲಿ. ಹಾರ್ನ್ ಹೊಡೆದರೆಂದರೆ ನಿಮ್ಮನ್ನು ನೋಡಿದ್ದಾರೆ ಎಂದೇ ಅರ್ಥ.

ನಿಂತ ಕಾರುಗಳ ಸಾಲಿನ ಪಕ್ಕದಲ್ಲಿ ಹೋಗುವಾಗ ಒಂದು ಬಾಗಿಲು ತೆರೆಯುವಷ್ಟು, ಅಂದರೆ ನಾಲ್ಕಡಿ ದೂರವಿರಲಿ. ಕ್ಯಾಬ್ ನಿಂತಿತೆಂದರೆ ಎಡಬಾಗಿಲು ತೆರೆಯುತ್ತದೆ ಎಂದೇ ತಿಳಿಯಿರಿ. ಪ್ರಯಾಣಿಕರು ಫೋನಿನಲ್ಲಿ ಹಣ ಕಳಿಸುತ್ತಾ, ಹಿಂದೆ ನೋಡದೆ ಇಳಿಯುತ್ತಾರೆ.

ಬಿಎಂಟಿಸಿ ಬಸ್ಸಿನ ವಿಷಯದಲ್ಲಿ ಒಂದೇ ನಿಯಮ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಯಾವತ್ತೂ ನುಗ್ಗಬೇಡಿ. ಜಾಗ ಎಷ್ಟಿದ್ದರೂ ಸರಿ, ಬಸ್ಸು ನಿಂತಿದ್ದರೂ ಸರಿ. ಎಡಬದಿಯಲ್ಲಿ ನೀವು ಚಾಲಕರ ಕಣ್ಣಿಗೆ ಬೀಳುವುದಿಲ್ಲ, ಸ್ಟಾಪ್ ಕಂಡ ಕೂಡಲೇ ಬಸ್ಸು ಎಡಕ್ಕೆ ಬರುತ್ತದೆ. ಬಲದಿಂದ ದಾಟಿ, ಇಲ್ಲವೇ ಹಿಂದೆ ನಿಂತು ಕಾಯಿರಿ. ನೀರಿನ ಟ್ಯಾಂಕರ್, ಕಾಂಕ್ರೀಟ್ ಲಾರಿಗಳಿಗೂ ಇದೇ. ಎಡಕ್ಕೆ ತಿರುಗುವಾಗ ಅವುಗಳ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಹಾಯುತ್ತದೆ.

ಬಲ ತಿರುವು ಎಲ್ಲಕ್ಕಿಂತ ಕಷ್ಟ. ದೊಡ್ಡ ಜಂಕ್ಷನ್ನಿನಲ್ಲಿ ನಾಲ್ಕು ಪಥ ದಾಟಿ ಬಲಕ್ಕೆ ಬರುವ ಸಾಹಸ ಬೇಡ. ಎಡಗಡೆಯಲ್ಲೇ ನೇರ ಹೋಗಿ, ಜಂಕ್ಷನ್ ದಾಟಿ, ಆಚೆ ಮೂಲೆಯಲ್ಲಿ ನಿಂತು ಸೈಕಲ್ ಬಲಕ್ಕೆ ತಿರುಗಿಸಿಕೊಳ್ಳಿ. ಆ ದಿಕ್ಕಿಗೆ ಹಸಿರು ಬಂದಾಗ ಅವರ ಜೊತೆ ಹೋಗಿ. ಅರ್ಧ ನಿಮಿಷ ತಡವಾಗುತ್ತದೆ, ಆದರೆ ಜೀವಕ್ಕೆ ಹಿತ. ಸಣ್ಣ ರಸ್ತೆಗಳಲ್ಲಿ ಹಿಂದೆ ತಿರುಗಿ ನೋಡಿ, ಕೈ ಚಾಚಿ, ಮತ್ತೊಮ್ಮೆ ನೋಡಿ ತಿರುಗಿ. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹಿಂದೆ ನೋಡಿದರೆ ಸೈಕಲ್ ವಾಲುತ್ತದೆಯೇ? ಹಾಗಿದ್ದರೆ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ವಾಹನ ಬಿಡದ ರಸ್ತೆಗಳಲ್ಲಿ ಅಭ್ಯಾಸ ಮಾಡಿ. ಇದು ಕೈವಶವಾಗದೆ ದೊಡ್ಡ ರಸ್ತೆಗೆ ಇಳಿಯಬೇಡಿ.

ಬ್ರೇಕು: ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ನಿಮ್ಮದರಲ್ಲಿ ಹೇಗಿದೆ ನೋಡಿಕೊಳ್ಳಿ. ಸೈಕಲ್ಲನ್ನು ನಿಲ್ಲಿಸುವ ಬಲ ಹೆಚ್ಚಾಗಿ ಮುಂದಿನ ಬ್ರೇಕಿನದೇ, ಆದರೆ ಅದೊಂದನ್ನೇ ಗಕ್ಕನೆ ಹಿಡಿದರೆ ಮುಂದಕ್ಕೆ ಎಗರುತ್ತೀರಿ. ಎರಡನ್ನೂ ಒಟ್ಟಿಗೆ, ಹದವಾಗಿ ಒತ್ತಿ.

ಬಣ್ಣ ಬಳಿಯದ ಹಂಪುಗಳು ನಮ್ಮೂರಿನ ವಿಶೇಷ. ದಾರಿಯಲ್ಲಿ ಎಲ್ಲೆಲ್ಲಿವೆ ಎಂದು ಮೊದಲ ವಾರವೇ ಬಾಯಿಪಾಠವಾಗುತ್ತದೆ. ಹಂಪು ಬಂದಾಗ ಸೀಟಿನಿಂದ ತುಸು ಎದ್ದು ಮಂಡಿ ಬಾಗಿಸಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವುದು ಸಹಜ, ಅದೇ ತಪ್ಪು. ನಿಲ್ಲಿ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಓಡದವರ ಮೇಲೆ ಅವಕ್ಕೆ ಬೇಗ ಆಸಕ್ತಿ ಹೋಗುತ್ತದೆ. ಇಯರ್‌ಫೋನ್ ಚೀಲದಲ್ಲಿರಲಿ, ವೇಲನ್ನು ಸೊಂಟಕ್ಕೆ ಕಟ್ಟಿಕೊಳ್ಳಿ.

ಹಂತ 6: ಬೆವರು

ಬೆಂಗಳೂರು, ಮೈಸೂರಿನ ಬೆಳಗಿನ ಹವೆ ನಮ್ಮ ಪಾಲಿನ ಭಾಗ್ಯ. ಎಂಟು ಗಂಟೆಗೆ ಹೊರಟರೆ ಮಾರ್ಚ್‌ನಿಂದ ಮೇ ಬಿಟ್ಟು ಮಿಕ್ಕ ತಿಂಗಳುಗಳಲ್ಲಿ ಹೆಚ್ಚು ಬೆವರುವುದಿಲ್ಲ. ಬೆವರುವವರು ಹೆಚ್ಚಾಗಿ ಓಟಕ್ಕೆ ಇಳಿದವರು. ಕೊನೆಯ ಒಂದು ಕಿ.ಮೀ. ನಿಧಾನವಾಗಿ ತುಳಿದು ಹೋಗಿ, ಗಾಳಿಗೆ ಮೈ ಆರುತ್ತದೆ.

ಮನೆಯಲ್ಲೇ ಸ್ನಾನ ಮುಗಿಸಿ ಹೊರಟರೆ, ತಲುಪಿದ ಮೇಲೆ ಹತ್ತು ನಿಮಿಷ ಕೂತು, ಒದ್ದೆ ಟವೆಲ್ಲಿನಿಂದ ಮೈ ಒರೆಸಿ ಬಟ್ಟೆ ಬದಲಿಸಿದರೆ ಸಾಕು. ಕೂತು ಆರಿಸಿಕೊಳ್ಳದೆ ಬಟ್ಟೆ ಹಾಕಿಕೊಂಡರೆ ಹೊಸ ಬಟ್ಟೆಯೂ ಒದ್ದೆ. ಇಸ್ತ್ರಿ ಬಟ್ಟೆಯನ್ನು ದಿನಾ ಹೊರುವ ಬದಲು, ಬಸ್ಸಿನಲ್ಲಿ ಹೋಗುವ ದಿನ ವಾರಕ್ಕಾಗುವಷ್ಟು ಒಯ್ದು ಲಾಕರಿನಲ್ಲಿಡಿ. ಶರ್ಟನ್ನು ಮಡಿಸುವ ಬದಲು ಸುರುಳಿ ಸುತ್ತಿದರೆ ಸುಕ್ಕು ಕಡಿಮೆ. ಪ್ಯಾಂಟಿನ ಬಲಗಾಲಿಗೆ ರಬ್ಬರ್ ಬ್ಯಾಂಡು ಹಾಕುವುದು ನಮ್ಮ ತಾತಂದಿರ ಕಾಲದ ಉಪಾಯ, ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು, ಜೇಬಿನಲ್ಲಿ ಒಂದಿಷ್ಟು ಸಿಹಿ ಇರಲಿ.

ಹಂತ 7: ಮಳೆ

ಬೆಂಗಳೂರಿನ ಮಳೆ ಹೆಚ್ಚಾಗಿ ಸುರಿಯುವುದು ಸಂಜೆ, ಸರಿಯಾಗಿ ಮನೆಗೆ ಹೊರಡುವ ಹೊತ್ತಿಗೆ. ಸುಲಭದ ಪರಿಹಾರವೆಂದರೆ ಕಾಯುವುದು. ಒಂದು ಗಂಟೆ ತಡವಾಗಿ ಹೊರಟರೆ ಮಳೆಯೂ ನಿಂತಿರುತ್ತದೆ, ಟ್ರಾಫಿಕ್ಕೂ ಇಳಿದಿರುತ್ತದೆ. ರೇನ್‌ಕೋಟಿನೊಳಗೆ ತುಳಿದರೆ ಮಳೆಯ ಬದಲು ಬೆವರಿನಲ್ಲಿ ನೆನೆಯುತ್ತೀರಿ. ತೆಳ್ಳನೆಯ ಜಾಕೆಟ್ಟು, ಫೋನು–ಲ್ಯಾಪ್‌ಟಾಪಿಗೆ ಗಟ್ಟಿ ಪ್ಲಾಸ್ಟಿಕ್ ಕವರು, ಮನೆಗೆ ಹೋಗಿ ಬಿಸಿನೀರು, ಇಷ್ಟೇ ಸಾಕು.

ಒದ್ದೆ ರಸ್ತೆಯಲ್ಲಿ ಜಾರುವ ಜಾಗಗಳನ್ನು ಗುರುತಿಟ್ಟುಕೊಳ್ಳಿ: ಜೀಬ್ರಾ ಕ್ರಾಸಿಂಗಿನ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೊ ಕಾಮಗಾರಿಯಲ್ಲಿ ಹಾಸಿದ ಕಬ್ಬಿಣದ ತಗಡು, ಗುಲ್‌ಮೊಹರ್ ಹೂವಿನ ರಾಶಿ. ಇವುಗಳ ಮೇಲೆ ಬ್ರೇಕನ್ನೂ ಒತ್ತಬೇಡಿ, ತಿರುಗಿಸಲೂಬೇಡಿ, ನೇರವಾಗಿ ದಾಟಿ. ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕಾದರೆ ಚಕ್ರ ಒಂದು ಸುತ್ತು ತಿರುಗಿ ನೀರು ಒರೆಸಿಹೋಗುವ ತನಕ ಹಿಡಿಯುವುದೇ ಇಲ್ಲ. ಮೊದಲೇ ಒತ್ತಲು ಶುರು ಮಾಡಿ.

ನೀರು ನಿಂತ ಕಡೆ ಅಡಿಯಲ್ಲಿ ಏನಿದೆಯೆಂದು ಗೊತ್ತಿಲ್ಲದಿದ್ದರೆ ಇಳಿಯಬೇಡಿ. ಅಂಡರ್‌ಪಾಸ್ ಅಂತೂ ಬೇಡವೇ ಬೇಡ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ತುಂಬಿದ ನೀರಿಗೆ ಸಿಕ್ಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಗುಡುಗು ಮಿಂಚು ಜೋರಾಗಿದ್ದರೆ ಮರದ ಕೆಳಗಲ್ಲ, ಕಟ್ಟಡದೊಳಗೆ ನಿಲ್ಲಿ.

ಹಂತ 8: ವಾರಕ್ಕೆ ಹತ್ತು ನಿಮಿಷ

ವಾರಕ್ಕೊಮ್ಮೆ ಗಾಳಿ. ಎಷ್ಟು ಒತ್ತಡ ಬೇಕೆಂದು ಟೈರಿನ ಪಕ್ಕದಲ್ಲೇ ಪಿಎಸ್‌ಐ ಲೆಕ್ಕದಲ್ಲಿ ಬರೆದಿರುತ್ತದೆ. ಗಾಳಿ ಕಡಿಮೆಯಿದ್ದರೆ ತುಳಿಯಲು ಭಾರ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಪಂಚರ್. ಪೆಟ್ರೋಲ್ ಬಂಕಿನಲ್ಲಿ ಹಾಕಿಸಬೇಕಾದರೆ ನಿಮ್ಮ ವಾಲ್ವು ಯಾವುದೆಂದು ತಿಳಿದಿರಬೇಕು. ಬೈಕಿನಲ್ಲಿರುವಂಥ ದಪ್ಪ ವಾಲ್ವಾದರೆ ಆಗುತ್ತದೆ. ತುದಿಯಲ್ಲಿ ಸಣ್ಣ ತಿರುಪು ಇರುವ ಸಪೂರ ಪ್ರೆಸ್ಟಾ ವಾಲ್ವಿಗೆ ಒಂದು ಅಡಾಪ್ಟರ್ ಬೇಕು, ಬೆಲೆ ಅತ್ಯಲ್ಪ, ಕೀ ಗೊಂಚಲಿನಲ್ಲೇ ಇಟ್ಟುಕೊಳ್ಳಬಹುದು.

ಚೈನಿಗೆ ಎರಡು ವಾರಕ್ಕೊಮ್ಮೆ ಮತ್ತು ಮಳೆಯಲ್ಲಿ ನೆಂದ ಮೇಲೆ ಎಣ್ಣೆ. ಕೊಬ್ಬರಿ ಎಣ್ಣೆ, ಬೈಕಿನಿಂದ ಇಳಿಸಿದ ಹಳೇ ಆಯಿಲ್ ಬೇಡ, ಧೂಳು ಮೆತ್ತಿ ಚೈನನ್ನೇ ಸವೆಸುತ್ತವೆ. ಸೈಕಲ್ ಚೈನಿನ ಎಣ್ಣೆ ಬೇರೆಯೇ ಸಿಗುತ್ತದೆ. ಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿ.

ಪಂಚರ್ ಅಂಗಡಿಗಳು ಈಗ ಟ್ಯೂಬ್‌ಲೆಸ್ ಬೈಕುಗಳ ಕಾಲಕ್ಕೆ ಹೊಂದಿಕೊಂಡಿವೆ, ಸೈಕಲ್ ಕಂಡರೆ ಕೈ ಆಡಿಸುವವರೇ ಹೆಚ್ಚು. ಒಂದು ಹೊಸ ಟ್ಯೂಬು, ಎರಡು ಟೈರ್ ಲಿವರ್, ಅಂದರೆ ಟೈರನ್ನು ರಿಮ್ಮಿನಿಂದ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಜೊತೆಗೆ ಗಿಡ್ಡ ಪಂಪು ಸೀಟಿನ ಕೆಳಗಿನ ಚೀಲದಲ್ಲಿರಲಿ. ರಸ್ತೆಬದಿ ಪ್ಯಾಚ್ ಹಚ್ಚುತ್ತಾ ಕೂರಬೇಡಿ, ಟ್ಯೂಬು ಬದಲಾಯಿಸಿ, ಹಳೆಯದಕ್ಕೆ ಮನೆಯಲ್ಲಿ ಪ್ಯಾಚ್ ಹಾಕಿ. ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ, ಚುಚ್ಚಿದ ಮುಳ್ಳು ಅಲ್ಲೇ ಇದ್ದರೆ ನೂರು ಮೀಟರಿನಲ್ಲಿ ಮತ್ತೆ ಪಂಚರ್.

ಹಂತ 9: ದೂರ ಜಾಸ್ತಿ ಇದ್ದವರಿಗೆ

ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಸೈಕಲ್, ಅಲ್ಲಿಂದ ರೈಲು: ನಾಡಪ್ರಭು ಕೆಂಪೇಗೌಡ ನಿಲ್ದಾಣ ಹಾಯ್ದು ಊರಿನ ಈ ತುದಿಯಿಂದ ಆ ತುದಿಗೆ ಹೋಗುವವರಿಗೆ ಇದೇ ಸರಿ. ಸೈಕಲ್ಲನ್ನು ನಿಲ್ದಾಣದಲ್ಲಿ ಬಿಡುವುದಾದರೆ ಹಳೆಯದು, ಕಣ್ಣು ಕುಕ್ಕದ್ದು ಒಳ್ಳೆಯದು.

ಜೊತೆಗೇ ಒಯ್ಯುವುದಾದರೆ ಮಡಚುವ ಸೈಕಲ್ ಬೇಕು. 2022ರಿಂದ ನಮ್ಮ ಮೆಟ್ರೊ ಇದಕ್ಕೆ ಅನುಮತಿ ಕೊಟ್ಟಿದೆ. 60, 45, 25 ಸೆಂ.ಮೀ. ಅಳತೆಯನ್ನು ಮೀರಬಾರದು, ತೂಕ 15 ಕಿಲೊ ದಾಟಬಾರದು, ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಬ್ಯಾಗು ಪರೀಕ್ಷಿಸುವ ಯಂತ್ರದಲ್ಲಿ ಹಾಯಬೇಕು, ಕೊನೆಯ ಬೋಗಿಯಲ್ಲಿ ಹತ್ತಬೇಕು. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. 20 ಇಂಚಿನ ಚಕ್ರದ ಮಡಚುವ ಸೈಕಲ್‌ಗಳೇ ಪೇಟೆಯಲ್ಲಿ ಹೆಚ್ಚು, ಅವು ಮಡಚಿದರೂ ಈ ಅಳತೆಗೆ ಹಿಡಿಸುವುದು ಕಷ್ಟ. 20 ಇಂಚು ಎಂದರೆ ಚಕ್ರವೇ 50 ಸೆಂ.ಮೀ. ದಾಟುತ್ತದೆ. ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ, ಮಡಚಿಸಿ, ಹ್ಯಾಂಡಲ್, ಪೆಡಲ್ ಸೇರಿಸಿ ಅಳೆಯಿರಿ.

ಮೈಸೂರಿನವರಿಗೆ ಈ ಗೋಜೇ ಬೇಡ. 2017ರಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಸೇವೆ ಅಲ್ಲಿ ಶುರುವಾಯಿತು. ಬಾಡಿಗೆ ಸೈಕಲ್‌ನಲ್ಲೇ ಆಫೀಸಿನ ದಾರಿಯನ್ನು ನಾಲ್ಕಾರು ಸಲ ಹೋಗಿ ಬಂದು, ಒಗ್ಗಿತೆಂದರೆ ಆಮೇಲೆ ಸ್ವಂತದ್ದಕ್ಕೆ ಅಂಗಡಿ ಹತ್ತಬಹುದು.